ಎಂಟು ಸೂತಿನ ದೀಪಪಟ್ಟಿ: ಭಾಗ್ಯನಗರದಿಂದ ಶ್ರಾಪ್‌ಶೈರಿಗೆ

ನಿಮ್ಮ ಮನೆಯ ಹಳೆಯ ಸೈಕಲ್ಲಿನ ಹ್ಯಾಂಡಲಿನ ಬುಡದಿಂದ ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಚಾಚಿ, ಮತ್ತೆ ನೆಟ್ಟಗೆ ಮೇಲಕ್ಕೆದ್ದು ನಿಂತಿರುವ ಕಬ್ಬಿಣದ ಪಟ್ಟಿಯೊಂದಿದೆಯಲ್ಲ, ಅದು ಯಾವ ಉದ್ದೇಶಕ್ಕಾಗಿ ಅಲ್ಲಿದೆಯೆಂದು ನೀವು ಎಂದಾದರೂ ಕೇಳಿಕೊಂಡಿದ್ದೀರಾ?

"ಬುತ್ತಿ ಚೀಲ ತೂಗುಹಾಕಲು" ಎಂಬುದು ನಿಮ್ಮ ಉತ್ತರವಾದರೆ ನೀವು ನಮ್ಮ ಸೀಮೆಯವರೇ ಸರಿ. ಕುಷ್ಟಗಿಯ ಕಾಲೇಜಿನಲ್ಲಿ ನಾನು ಪಾಠ ಹೇಳುವ ತರಗತಿಯಲ್ಲಿ ಈ ಪ್ರಶ್ನೆ ಇಟ್ಟಾಗಲೂ ಇದೇ ಉತ್ತರ ಬಂದಿತು. ಗಂಗಾವತಿಯಿಂದ ಬಂದ ಹುಡುಗಿಯೊಬ್ಬಳು ಮಾತ್ರ "ಹಾಲಿನ ಕ್ಯಾನಿಗೂ ಆಗ್ತೈತ್ರಿ ಸರ" ಎಂದು ತಿದ್ದುಪಡಿ ಮಂಡಿಸಿದಳು. ಸಭೆ ಅದನ್ನು ಸರ್ವಾನುಮತದಿಂದ ಅಂಗೀಕರಿಸಿತು. ಆದರೆ ಆ ಪಟ್ಟಿಯನ್ನು ಮಾಡಿದ್ದು ದೀಪಕ್ಕಾಗಿ. ದೀಪದ ಬೆನ್ನಿನಲ್ಲಿ ಒಂದು ಕಿಸೆಯಿರುತ್ತದೆ. ಆ ಕಿಸೆಯನ್ನು ಮೇಲಿನಿಂದ ಈ ಪಟ್ಟಿಗೆ ತೊಡಿಸಬೇಕು. ದೀಪಗಳು ಎಂದೋ ಹೋದವು, ಬುತ್ತಿಗಳು ಉಳಿದವು. ಇಂತಹ ಒಂದು ಪಟ್ಟಿಯನ್ನು ಅದರ ತವರಿನಲ್ಲಿ ಕೂರಿಸಲು ನಾನು ಇಂಗ್ಲೆಂಡಿಗೆ ಹೋಗಿಬಂದೆ. ಹೋಗಿಬಂದೆ ಎನ್ನುವುದಕ್ಕಿಂತ, ಖಾಸಿಂಸಾಬರ ಬಾಲಂಗೋಚಿಯಾಗಿ ಹೋಗಿಬಂದೆ ಎನ್ನುವುದೇ ನ್ಯಾಯ.

ಹೊರಡುವ ಮುನ್ನ, ಭಾಗ್ಯನಗರ

ಖಾಸಿಂಸಾಬರು ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ಸೈಕಲ್ ಮಿಸ್ತ್ರಿ. ಸರಳಿನ ಬ್ರೇಕಿನ ಹಳೆಯ ಇಂಗ್ಲಿಷ್ ಸೈಕಲ್ಲುಗಳಿಗೆ ಮರುಜೀವ ಕೊಡುವ ಕೈ ನಮ್ಮ ನಾಲ್ಕು ತಾಲೂಕುಗಳಲ್ಲಿ ಅವರದೊಂದೇ ಉಳಿದಿದೆ. ಅಂಗಡಿಗಳಲ್ಲಿ ಸಿಗದ ದೀಪಪಟ್ಟಿಯನ್ನು ಅವರು ಕೈಯಿಂದಲೇ ಕತ್ತರಿಸಿ, ಬಗ್ಗಿಸಿ, ಉಜ್ಜಿ ಮಾಡುತ್ತಾರೆ. ವಿದ್ಯಾರ್ಥಿಗಳು ಸೈಕಲ್ಲು ತುಳಿಯಬೇಕು ಮಾತ್ರವಲ್ಲ, ಬಿಚ್ಚಿ ಜೋಡಿಸಲೂ ಬರಬೇಕೆಂದು ಹಲವು ವರ್ಷಗಳಿಂದ ವಾದಿಸುತ್ತ ಬಂದಿರುವ ನಾನು, ಅವರ ಪಟ್ಟಿಯೊಂದರ ಚಿತ್ರವನ್ನು ಹಳೆಯ ಸೈಕಲ್ಲು ಪ್ರಿಯರ ಅಂತರಜಾಲ ಕೂಟವೊಂದಕ್ಕೆ ಕಳುಹಿಸಿದೆ. ಅಲ್ಲಿಂದ ಡೊರೊಥಿ ಎಂಬವರ ಪತ್ರ ಬಂದಿತು. ಹಳ್ಳಿಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ ಹೆರಿಗೆ ಮಾಡಿಸುತ್ತಿದ್ದ ತಮ್ಮ ತಾಯಿಯ ಸೈಕಲ್ಲನ್ನು ಅವರು ಮೂಲರೂಪಕ್ಕೆ ತರುತ್ತಿದ್ದರು. ತಾಯಿಯ ದೀಪವಿದೆ, ಪಟ್ಟಿ ಕಳೆದಿದೆ. ಅವರ ಹಳೆಯ ಸೈಕಲ್ಲುಗಳ ಸಂಘದ ಸವಾರಿಗೆ ನಾವು ಅತಿಥಿಗಳಾಗಿ ಬರಬೇಕು. ಪರಿಶೀಲನೆಯಲ್ಲಿ ಪಟ್ಟಿ ತೇರ್ಗಡೆಯಾದರೆ ಇನ್ನೂ ಹನ್ನೆರಡು ಮಂದಿ ಸದಸ್ಯರ ಸೈಕಲ್ಲುಗಳಿಗೆ ಖಾಸಿಂಸಾಬರೇ ಪಟ್ಟಿ ಮಾಡಿಕೊಡಬೇಕು.

ಆಗ ಖಾಸಿಂಸಾಬರ ಅಂಗಡಿ ತೂಗುಯ್ಯಾಲೆಯಲ್ಲಿತ್ತು. ಹೆಂಡತಿಯ ತಮ್ಮ ಇಮಾಮ ಅಲ್ಲಿ ಮೊಬೈಲ್ ಅಂಗಡಿ ಹಾಕಲು ತುದಿಗಾಲಲ್ಲಿ ನಿಂತಿದ್ದ. ಖಾಸಿಂಸಾಬರು ಮನೆಯವರಿಗೆ ಮಾತು ಕೊಟ್ಟುಬಿಟ್ಟಿದ್ದರು.

"ಈ ಪಟ್ಟಿ ಅಲ್ಲಿ ಕುಂತ್ರ ಅಂಗಡಿ ನಂದು. ಕುಂದರಲಿಲ್ಲ, ಶಟರ್ ಕೀಲಿ ಇಮಾಮಂದು. ಆತಿಲ್ಲ?" ಎಂದು ನನ್ನೆದುರೇ ಹೆಂಡತಿ ಬೀಬಿಜಾನರಿಗೆ ಹೇಳಿದರು.

"ನೀವು ಹಿಂಗ ಮಾತು ಕೊಟ್ಟೇ ನನ್ನ ಮಿಕ್ಸರ್ ಆರು ತಿಂಗಳಾತು ಬಿಚ್ಚಿಟ್ಟೀರಿ" ಎಂದರು ಅವರು.

ಇನ್ನು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಡೊರೊಥಿ ಅಳತೆಗಳನ್ನು ಇಂಚು ಮತ್ತು ಇಂಚಿನ ಎಂಟನೆಯ ಪಾಲುಗಳಲ್ಲಿ ಬರೆದಿದ್ದರು. ಸುಧಾರಣೆಯ ಹುರುಪಿನಲ್ಲಿದ್ದ ನಾನು, ದಶಮಾಂಶ ಪದ್ಧತಿಯ ಕಾಲದಲ್ಲಿ ಇದೆಂಥ ಗೊಡ್ಡು ಲೆಕ್ಕವೆಂದು, ಎಲ್ಲವನ್ನೂ ಮಿಲಿಮೀಟರಿಗೆ ಇಳಿಸಿದೆ. ಪಟ್ಟಿಯ ತೂತು ಇಪ್ಪತ್ತೈದು ಬಿಂದು ನಾಲ್ಕು ಇದ್ದದ್ದನ್ನು ಇಪ್ಪತ್ತೈದು ಮಾಡಿದೆ. ಅಗಲ ಹದಿನೈದು ಬಿಂದು ಎಂಟು ಚಿಲ್ಲರೆ ಇದ್ದದ್ದನ್ನು ಹದಿನೈದು ಮಾಡಿದೆ. ಖಾಸಿಂಸಾಬರಿಗೆ ಅಂಕಿ ಬೆಳಗುವ ಹೊಸ ಅಳತೆಯ ಉಪಕರಣವೊಂದನ್ನು ಕಾಣಿಕೆಯಾಗಿ ಕೊಟ್ಟೆ.

"ಮಾಸ್ತರ್ರ, ನಂದು ನಮೂನಿ ಐತ್ರಿ. ನಮೂನಿ ನೋಡಿ ಮಾಡ್ತೀನಿ" ಎಂದು ಅವರು ಬೇಡಿಕೊಂಡರು. ನಮೂನಿ ಎಂದರೆ ಅವರ ಉಸ್ತಾದರಿಂದ ಬಂದ ಒಂದು ಹಳೆಯ ಪಟ್ಟಿ. ಅದನ್ನು ಎದುರಿಗಿಟ್ಟುಕೊಂಡೇ ಅವರು ಪ್ರತಿಯೊಂದನ್ನೂ ಮಾಡುವುದು. ಅದರ ತುದಿ, ಬುತ್ತಿ ಚೀಲ ಜಾರದಂತೆ, ಕೊಕ್ಕೆಯಾಗಿ ಮೇಲಕ್ಕೆ ಬಾಗಿತ್ತು. ಇಂಥ ತುದಿಗೆ ದೀಪದ ಕಿಸೆ ಇಳಿಯುವುದೇ ಇಲ್ಲ. "ನಮೂನೆಯೂ ಬೇಡ, ಕೊಕ್ಕೆಯೂ ಬೇಡ, ಅಂಕಿಯನ್ನು ನಂಬಿ" ಎಂದು ನಾನು ಎದುರು ನಿಂತು, ತೇರ್ಗಡೆ ಖಚಿತವೆಂಬ ಧೈರ್ಯದಲ್ಲಿ, ಹನ್ನೆರಡು ಪಟ್ಟಿಗಳನ್ನು ಮುಂಗಡವಾಗಿಯೇ ಮಾಡಿಸಿದೆ. ಅಂತರ್‌ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನೊಡನೆ ವಾದಿಸಿ ಯಾರಿಗೆ ಲಾಭ? ಅವರು ಅಂಕಿಯಂತೆಯೇ ಕತ್ತರಿಸಿದರು. ಆದರೆ ನಮೂನೆಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ಸಜ್ಜೆ ರೊಟ್ಟಿ ಮತ್ತು ನೆರೆಮನೆಯ ಮಿಕ್ಸರಿನಲ್ಲಿ ತಿರುವಿದ ಶೇಂಗಾ ಚಟ್ನಿಯ ಗಂಟಿನ ಕೆಳಗೆ ಇಟ್ಟುಕೊಂಡರು.

ಸುಂಕದ ಮೇಜು

ವಿಮಾನದಿಂದಿಳಿದು ಸುಂಕದ ಅಧಿಕಾರಿಯ ಮುಂದೆ ಪೆಟ್ಟಿಗೆ ತೆರೆದಾಗ ಒಂದೇ ರೂಪದ ಹನ್ನೆರಡು ಕಬ್ಬಿಣದ ಕೊಕ್ಕುಗಳು ಹೊಳೆದವು. ಅಧಿಕಾರಿ ಒಂದನ್ನೆತ್ತಿ ಹಿಡಿದು, "ಇದೇನು?" ಎಂದು ಕೇಳಿದ.

ಇಂತಹ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ಸೈಕಲ್ಲು ಸಾಮಾನ್ಯರಿಗೆ ಕೊಟ್ಟ ಸ್ವಾತಂತ್ರ್ಯದಿಂದ ಆರಂಭಿಸಿ, ಮಹಿಳೆಯರ ಸಂಚಾರ, ದೀಪದ ಕಾನೂನು ಎಂದು ಅಂಶ ಅಂಶವಾಗಿ ಮುಂದುವರಿದೆ. ಮೂರನೆಯ ಅಂಶಕ್ಕೆ ಬರುವಷ್ಟರಲ್ಲಿ ಅಧಿಕಾರಿಯ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು, ನಮ್ಮ ಹಿಂದಿನ ಸಾಲು ಬೆಳೆದಿತ್ತು. ಆ ಜನ ಎಂಥವರೆಂದರೆ, ಒಬ್ಬನಾದರೂ ಗೊಣಗಲಿಲ್ಲ, ಮುಂದೆ ನುಗ್ಗಲಿಲ್ಲ. ತುಸು ಜೋರಾಗಿ ಉಸಿರುಬಿಟ್ಟರು, ಅಷ್ಟೆ. ನಮ್ಮ ಬಸ್ ನಿಲ್ದಾಣದಲ್ಲಾಗಿದ್ದರೆ ಇಷ್ಟರಲ್ಲಿ ಹತ್ತು ಜನ ನನ್ನ ಭಾಷಣವನ್ನು ತಾವೇ ಮುಗಿಸಿರುತ್ತಿದ್ದರು.

"ಮಾಸ್ತರ್ರ, ಜರಾ ಸರೀರಿ" ಎಂದ ಖಾಸಿಂಸಾಬರು ಒಂದು ಪಟ್ಟಿಯನ್ನು ಮೇಜಿನ ಅಂಚಿಗೆ ಒತ್ತಿಹಿಡಿದು, ಅದಕ್ಕೆ ನನ್ನ ಕೈಚೀಲವನ್ನು ತೂಗುಹಾಕಿದರು. ಅಧಿಕಾರಿಯ ಮುಖ ಅರಳಿತು. "ಓ, ಚೀಲದ ಕೊಕ್ಕೆ!" ಎಂದು ನಗುತ್ತ ಪೆಟ್ಟಿಗೆ ಮುಚ್ಚಿದ.

"ನೋಡ್ರಿ, ಇವರಿಗೂ ಗೊತ್ತೈತಿ ಅದು ಯಾತಕ್ಕಂತ" ಎಂದರು ಖಾಸಿಂಸಾಬರು. ನನಗೆ ಸೋತಂತಾಯಿತು.

ಶುಕ್ರವಾರ, ಡೊರೊಥಿಯವರ ಕೆಲಸದ ಕೋಣೆ

ಡೊರೊಥಿಯವರ ಊರು ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ಗುಡ್ಡಗಳ ನಡುವೆ ಇದೆ. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು ಬೇಲಿ, ಬೇಲಿಗೊಂದು ಚಿಕ್ಕ ಬಾಗಿಲು. ಹೊಲದ ನಡುವಿನ ಕಾಲುದಾರಿಯಲ್ಲಿ ಯಾರು ಬೇಕಾದರೂ ನಡೆಯಬಹುದು, ಬಾಗಿಲು ಮುಚ್ಚಿ ಹೋದರೆ ಸಾಕು ಎಂದು ಅವರು ಹೇಳಿದಾಗ ನಾನು ರೋಮಾಂಚನಗೊಂಡೆ. ನಮ್ಮ ಹನುಮಸಾಗರದ ಕಡೆ ಹೊಲದ ಬದುವಿನಲ್ಲಿ ಹೋಗುವವನನ್ನು "ಯಾರವ?" ಎಂದು ಕೇಳದೆ ಬಿಡುವುದಿಲ್ಲ, ಕೇಳಿದ ಮೇಲೆ ಊಟ ಹಾಕದೆಯೂ ಬಿಡುವುದಿಲ್ಲ. ಇಲ್ಲಿ ಯಾರೂ ಕೇಳುವುದಿಲ್ಲ, ಯಾರೂ ಕರೆಯುವುದಿಲ್ಲ. ಎರಡರಲ್ಲಿ ಯಾವುದು ಮೇಲೆಂಬ ವಿಷಯದ ಪರ ಮತ್ತು ವಿರುದ್ಧ ಎರಡೂ ಕಡೆ ನಾನು ಇನ್ನೂ ಮಾತನಾಡಬಲ್ಲೆ.

ಎಪ್ಪತ್ತು ದಾಟಿದ ಡೊರೊಥಿ ಎಣ್ಣೆಗಲೆಯ ಏಪ್ರನ್ನು ತೊಟ್ಟೇ ನಮ್ಮನ್ನು ಬರಮಾಡಿಕೊಂಡರು. ಕೈ ಕುಲುಕುವ ಮುನ್ನ "ಕ್ಷಮಿಸಿ, ಕೈ ಕೊಳೆಯಾಗಿದೆ" ಎಂದರು. ಖಾಸಿಂಸಾಬರು ತಮ್ಮ ಕಪ್ಪುಗಟ್ಟಿದ ಉಗುರುಗಳನ್ನು ತೋರಿಸಿದರು. ಇಬ್ಬರೂ ನಕ್ಕರು. ಪರಿಚಯ ಮುಗಿಯಿತು.

ಸೈಕಲ್ಲು ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ್ದು. ಕಪ್ಪು ಬಣ್ಣ, ಬಂಗಾರದ ಗೆರೆ. ಖಾಸಿಂಸಾಬರು ಅದನ್ನು ಒಂದು ಸುತ್ತು ಸುತ್ತಿ, ಹ್ಯಾಂಡಲನ್ನೂ ಅದರ ಬುಡದ ನಟ್ಟನ್ನೂ ಕಳಚಿದರು. ದೀಪಪಟ್ಟಿಯ ತೂತನ್ನು ಮುಂದಿನ ಗಾಲಿ ಹಿಡಿದ ಫೋರ್ಕಿನ ಕೊಳವೆಗೆ ತೊಡಿಸಿ, ಅದರ ಮೇಲೆ ಮತ್ತೆ ನಟ್ಟು ಕೂರಿಸಬೇಕು. ಅವರು ನನ್ನ ಹನ್ನೆರಡರಲ್ಲಿ ಒಂದನ್ನು ಎತ್ತಿ ತೊಡಿಸಿದರು.

ಪಟ್ಟಿ ಇಳಿಯಲಿಲ್ಲ. ಎರಡನೆಯದೂ ಇಳಿಯಲಿಲ್ಲ.

"ಕೊಳವಿ ಎಂಟು ಸೂತು ಐತಿ. ತೂತು ಎಂಟು ಸೂತು ಇಲ್ಲ" ಎಂದರು ಖಾಸಿಂಸಾಬರು, ನನ್ನ ಮುಖ ನೋಡದೆ. ನಮ್ಮ ಕಾರ್ಖಾನೆಗಳ ಹಳೆಯ ಲೆಕ್ಕದಲ್ಲಿ ಇಂಚಿನ ಎಂಟನೆಯ ಒಂದು ಪಾಲು ಒಂದು ಸೂತು. ಎಂಟು ಸೂತಿಗೆ ಒಂದು ಇಂಚು. ನಾನು ನಿರ್ದಯವಾಗಿ ಕಡಿದೊಗೆದ ಆ ಬಿಂದು ನಾಲ್ಕು ಎದುರಿಗೆ ಬಂದು ನಿಂತಿತ್ತು.

ಅರ ಹಿಡಿದು ಉಜ್ಜಿ ತೂತನ್ನು ಹಿಗ್ಗಿಸಿದ್ದಾಯಿತು. ಆಗ ಡೊರೊಥಿ ಅಡುಗೆಮನೆಯ ಕಪಾಟಿನಿಂದ ತಾಯಿಯ ದೀಪವನ್ನು ಎರಡೂ ಕೈಗಳಲ್ಲಿ ತಂದು ಪಟ್ಟಿಗೆ ತೊಡಿಸಿದರು. ಅದು ಸಡಿಲ ಹಲ್ಲಿನಂತೆ ಅಲ್ಲಾಡಿತು. ತೂತನ್ನು ದೊಡ್ಡದು ಮಾಡಬಹುದು. ಕಡಿಮೆಯಾದ ಅಗಲವನ್ನು ಕೂಡಿಸುವುದು ಯಾರಿಂದ ಸಾಧ್ಯ?

ಡೊರೊಥಿ ಸಂಕೋಚದಿಂದ ಸಂಘದ ನಿಯಮವನ್ನು ವಿವರಿಸಿದರು. ಭಾನುವಾರ ಬೆಳಿಗ್ಗೆ ಪರಿಶೀಲಕರು ಪ್ರತಿ ಸೈಕಲ್ಲಿನ ಮುಂದಿನ ಗಾಲಿಯನ್ನು ಒಂದು ಗೇಣು ಎತ್ತಿ ಕೆಳಗೆ ಬಿಡುತ್ತಾರೆ. ಮೂರು ಸಲ. ದೀಪ ಸದ್ದು ಮಾಡಿದರೆ ಆ ಸೈಕಲ್ಲು ಸವಾರಿಯ ಸಾಲಿನಿಂದ ಹೊರಗೆ. ಚರ್ಮ, ರಬ್ಬರು, ಕಾಗದ, ಏನನ್ನೂ ನಡುವೆ ಸಿಕ್ಕಿಸುವಂತಿಲ್ಲ.

ನಾನು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಖಾಸಿಂಸಾಬರು ಅರವನ್ನು ಒರೆಸಿ ಕೆಳಗಿಟ್ಟರು. ಆಮೇಲೆ, "ಇಮಾಮ ಛಲೋ ಹುಡುಗ ಅದಾನ್ರಿ. ಮೊಬೈಲ್ ಅಂಗಡಿ ಸೊಗಸಾಗಿ ಇಡ್ತಾನ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದಿನ ಸಂಜೆಯೂ ವಿಚಿತ್ರವೇ. ಊಟದ ಹೊತ್ತು ಮೀರಿದರೂ ಬಿಸಿಲು ಹೋಗಲಿಲ್ಲ. "ಈ ಊರಾಗ ಸೂರ್ಯಗ ಮನಿ ಇಲ್ಲೇನ್ರಿ?" ಎನ್ನುತ್ತ ಖಾಸಿಂಸಾಬರು ಸಂಜೆಯ ನಮಾಜಿಗಾಗಿ ಕಿಟಕಿಯ ಬಳಿ ಕಾಯುತ್ತ ಕುಳಿತಿದ್ದರು. ಕಾಯುತ್ತಲೇ ಗಂಟು ಬಿಚ್ಚಿ ಟವೆಲ್ಲಿನಿಂದ ನಮೂನೆಯನ್ನು ತೆಗೆದರು.

ಶನಿವಾರ, ಮಡಿಸುವ ಮರದ ಅಳತೆಕೋಲು

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವರಿಬ್ಬರೂ ಕೆಲಸದ ಕೋಣೆಯಲ್ಲಿದ್ದರು. ಡೊರೊಥಿ ತಮ್ಮ ತಂದೆಯ ಮಡಿಸುವ ಮರದ ಅಳತೆಕೋಲನ್ನು ತೆರೆದು ಮೇಜಿನ ಮೇಲಿಟ್ಟಿದ್ದರು. ಅದರ ಮೇಲೆ ಇಂಚುಗಳು, ಇಂಚಿನೊಳಗೆ ಎಂಟು ಗೀರುಗಳು. ಖಾಸಿಂಸಾಬರು ನಮೂನೆಯನ್ನು ಅದರ ಮೇಲಿಟ್ಟು ಹೆಬ್ಬೆರಳ ಉಗುರಿನಿಂದ ಗೀರುಗಳನ್ನು ಮುಟ್ಟುತ್ತ ಎಣಿಸುತ್ತಿದ್ದರು.

"ಸೂತ್!" ಎಂದು ಅವರು ಕೂಗಿದರು. ಡೊರೊಥಿ ಅದೇ ಗೀರಿನ ಮೇಲೆ ಬೆರಳಿಟ್ಟು ತಮ್ಮ ಭಾಷೆಯಲ್ಲಿ ಎಂಟನೆಯ ಪಾಲು ಎಂದರು. "ಸೂತ್," "ಎಂಟನೆಯ ಪಾಲು," "ಸೂತ್." ಐದನೆಯ ಗೀರಿಗೆ ಬಂದಾಗ ಇಬ್ಬರೂ ಒಟ್ಟಿಗೆ ಬೆರಳು ನಿಲ್ಲಿಸಿದರು. ನಮೂನೆಯ ಅಗಲ ಸರಿಯಾಗಿ ಐದು ಸೂತು. ದೀಪದ ಕಿಸೆ ಸರಿಯಾಗಿ ಐದು ಸೂತು.

ಓದುಗರೇ, ನಾನು ಕುಣಿಯುವುದೊಂದೇ ಬಾಕಿ! ಇಂಗ್ಲೆಂಡಿನ ಶಾಲಾಮಕ್ಕಳೇ ಮರೆಯುತ್ತಿರುವ ಅಳತೆಯೊಂದು ಭಾಗ್ಯನಗರದ ಮಿಸ್ತ್ರಿಯ ಹೆಬ್ಬೆರಳಿನಲ್ಲಿ ಒಂದು ಕೂದಲೆಳೆಯೂ ಕದಲದೆ ಕುಳಿತಿತ್ತು. ದಶಮಾಂಶ ಪದ್ಧತಿಯ ಪರವಾದ ನನ್ನ ವಾದವನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಎಲ್ಲರಿಗೂ ಒಂದೇ ಅಳತೆಯೆಂಬುದು ನ್ಯಾಯದ ಮಾತು. ಆದರೆ ಇಂಚಿನಲ್ಲಿ ಹುಟ್ಟಿದ ವಸ್ತುವನ್ನು ಇಂಚಿನಲ್ಲೇ ಮಾತನಾಡಿಸಬೇಕು. ನಾನು ಮಾಡಿದ್ದು ಸುಧಾರಣೆಯಲ್ಲ, ಅವಸರ.

"ಮೊದಲೇ ಯಾಕೆ ಜಗಳವಾಡಲಿಲ್ಲ ನೀವು?" ಎಂದು ಕೇಳಿದೆ.

"ನಿಮ್ಮ ಸಂಗಾಟ ಮಾತಿಗಿಳಿದ್ರ ಕೆಲಸ ಮುಗೀತೈತೇನ್ರಿ?" ಎಂದರು.

ಡೊರೊಥಿಯವರ ಹಳೆಯ ಕೊಟ್ಟಿಗೆಯ ಬಾಗಿಲಿನಿಂದ ಕಳಚಿಟ್ಟಿದ್ದ ಉದ್ದನೆಯ ಕಬ್ಬಿಣದ ತಿರುಗಣಿ ಪಟ್ಟಿಯೊಂದು ಮೂಲೆಯಲ್ಲಿತ್ತು. ಒಂದು ಸೂತು ದಪ್ಪ. ಖಾಸಿಂಸಾಬರು ಅದನ್ನು ಬೆರಳಿನಿಂದ ಬಡಿದು, ಕಿವಿಗೆ ಹಿಡಿದು ಕೇಳಿ, ಆಗಬಹುದೆಂದು ತಲೆಯಾಡಿಸಿದರು. ತುದಿಯ ಕೊಕ್ಕೆಯೊಂದನ್ನು ಬಿಟ್ಟು ನಮೂನೆಯಂತೆಯೇ ಹೊಸ ಪಟ್ಟಿ ಮಾಡುವ ಕೆಲಸ ದಿನವಿಡೀ ಸಾಗಿತು. ದೊಡ್ಡ ತೂತಿಗೆ ತಕ್ಕ ಡ್ರಿಲ್ಲಿನ ಅಲಗು ಇರಲಿಲ್ಲ. ಆದ್ದರಿಂದ ಅವರು ಸುತ್ತಲೂ ಸಣ್ಣ ತೂತುಗಳ ಮಾಲೆ ಕೊರೆದು, ನಡುವಿನ ಬಿಲ್ಲೆಯನ್ನು ಬೀಳಿಸಿ, ಅಂಚನ್ನು ಅರದಿಂದ ಉಜ್ಜಿದರು. ಎರಡು ಗಂಟೆಗೊಮ್ಮೆ ಡೊರೊಥಿ ಹಾಲು ಬೆರೆಸಿದ ಸಪ್ಪೆ ಚಹಾ ತರುತ್ತಿದ್ದರು. ಅಲ್ಲಿನವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಕ್ಷಣಕ್ಕೆ ಸರಿಯಾಗಿ ಬಾಯಿಗೆ ಹಾಕಿಕೊಳ್ಳುವುದರಲ್ಲಿ ನಿಪುಣರು, ನಮ್ಮವರಷ್ಟೇ. ಖಾಸಿಂಸಾಬರು ಪ್ರತಿಯಾಗಿ ಸಜ್ಜೆ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟುಕೊಟ್ಟರು. ಡೊರೊಥಿ ಅದನ್ನೂ ಚಹಾದಲ್ಲಿ ಅದ್ದಿದರು.

ಭಾನುವಾರ, ಹುಲ್ಲಿನ ಬಯಲು

ಬೆಳಿಗ್ಗೆ ಕೆಲಸದ ಕೋಣೆಯಲ್ಲಿ ಪಟ್ಟಿ ಸಿದ್ಧವಾಗಿತ್ತು. ಎಂಟು ಸೂತಿನ ತೂತು ಕೊಳವೆಗೆ ಜಾರಿ ಕುಳಿತಿತು. "ಇಟಗಿ ಗುಡ್ಯಾಗ ಕಲ್ಲಿನ ಮ್ಯಾಲ ಕಲ್ಲು ಹೆಂಗ ಕುಂತಾವ ನೋಡ್ರಿ, ಹಂಗ. ನಡುವ ಉಗುರು ಹೋಗಂಗಿಲ್ಲ" ಎಂದು ಖಾಸಿಂಸಾಬರು ಹಿಗ್ಗಿದರು. ಪರಿಶೀಲನೆಗೆ ಇನ್ನೂ ಒಂದು ಗಂಟೆಯಿತ್ತು. ಕೊನೆಯ ಬಾರಿ ಅಂಚು ಉಜ್ಜಲೆಂದು ಪಟ್ಟಿಯನ್ನು ಹೊರತೆಗೆದು ಮೇಜಿನ ತಿರುಪಿನ ಇಕ್ಕಳಕ್ಕೆ ಸಿಕ್ಕಿಸಿದರು. ಏನೋ ಗುನುಗುತ್ತ ಉಜ್ಜಿದರು, ಬಟ್ಟೆಯಿಂದ ಒರೆಸಿದರು, ಮತ್ತು ಪಕ್ಕದಲ್ಲಿದ್ದ ಸುತ್ತಿಗೆಯನ್ನೆತ್ತಿ ಪಟ್ಟಿಯ ತುದಿಗೆ ಟಣ್ ಟಣ್ ಎಂದು ಎರಡು ಏಟು ಹಾಕಿದರು.

ತುದಿ ಕೊಕ್ಕೆಯಾಗಿ ಬಾಗಿತು. ಬುತ್ತಿ ಚೀಲ ಜಾರದಂತೆ, ಅಚ್ಚುಕಟ್ಟಾಗಿ.

ಡೊರೊಥಿ ಚೀರಿದರು. ಖಾಸಿಂಸಾಬರು ಸುತ್ತಿಗೆಯನ್ನೂ ಪಟ್ಟಿಯನ್ನೂ ಬದಲಿಸಿ ಬದಲಿಸಿ ನೋಡಿದರು. "ಅರೇ ಅಲ್ಲಾ! ಕೈ ಮಾಡ್ತು ಮಾಸ್ತರ್ರ, ನಾ ಅಲ್ಲ!"

ನಲವತ್ತು ವರ್ಷ ಪ್ರತಿ ಪಟ್ಟಿಯ ಕೊನೆಗೆ ಎರಡು ಏಟು ಹಾಕಿದ ಕೈ ಅದು. ಇಂಗ್ಲೆಂಡಿಗೆ ಬಂದಿದ್ದೇನೆಂದು ಅದಕ್ಕೆ ಯಾರು ಹೇಳಬೇಕಿತ್ತು?

ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದರೆ ಹಳೆಯ ಕಬ್ಬಿಣ ಬಿರುಕು ಬಿಡಬಹುದು. ಅವರು ತುದಿಯನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು, ಇಕ್ಕಳವನ್ನು ಕಾಲು ಸುತ್ತು, ಮತ್ತೆ ಕಾಲು ಸುತ್ತು ಬಿಗಿದರು. ಪ್ರತಿ ಸಲವೂ ಉಗುರಿನಿಂದ ತಡವಿ ಬಿರುಕು ಹುಡುಕಿದರು. ತೊಡಿಸಬೇಕಾದ ದೀಪವನ್ನು ನಾನು ಹಿಡಿದು ನಿಂತಿದ್ದೆ. ಜೀವನದಲ್ಲಿ ಅಷ್ಟು ಹೊತ್ತು ಮೌನವಾಗಿ ನಿಂತದ್ದು ಅದೇ ಮೊದಲು. ಕೊನೆಗೆ ತುದಿ ನೆಟ್ಟಗಾಯಿತು. ಪೂರ್ತಿಯಾಗಿ ಅಲ್ಲ. ಬಾಗಿದ್ದ ಜಾಗದಲ್ಲಿ ಅಕ್ಕಿಕಾಳಿನ ಬೆನ್ನಿನಷ್ಟು ಒಂದು ಉಬ್ಬು ಉಳಿಯಿತು. ಅದನ್ನು ಉಜ್ಜಲು ಸಮಯವಿರಲಿಲ್ಲ. ಪಟ್ಟಿಯನ್ನು ಸೈಕಲ್ಲಿಗೆ ಕೂರಿಸಿ ದೀಪವನ್ನು ತೊಡಿಸಿದಾಗ ಅದು ಉಬ್ಬಿನ ಬಳಿ ಬಿಗಿಯಾಯಿತು. ಖಾಸಿಂಸಾಬರು ಅಂಗೈಯಿಂದ ಒತ್ತಿ ಕೂರಿಸಿದರು.

ಚರ್ಚಿನ ಪಕ್ಕದ ಹುಲ್ಲಿನ ಬಯಲಿನಲ್ಲಿ ಸೈಕಲ್ಲುಗಳ ಸಾಲು ನಿಂತಿತ್ತು. ಪರಿಶೀಲಕರು ಆರ್ಥರ್ ಎಂಬ ನಿವೃತ್ತ ರೈಲ್ವೆ ಗಾರ್ಡು. ಎತ್ತರದ ಆಳು, ನಗದ ಮುಖ. ಅವರು ಒಂದೊಂದೇ ಮುಂಗಾಲಿಯನ್ನು ಎತ್ತಿ ಬಿಡುತ್ತ ಬಂದರು. ಒಂದು ದೀಪ ಕಟಕಟ ಎಂದಿತು. ಅದರ ಒಡೆಯ "ಕ್ಷಮಿಸಿ" ಎಂದು ಹೇಳಿ ತಾನೇ ಸಾಲಿನಿಂದ ಹೊರನಡೆದ. ಇನ್ನೊಂದು ಗಡಗಡ ಎಂದಿತು. ಅವನೂ ಕ್ಷಮೆ ಕೇಳಿದ. ಸೋಲಿಗೆ ಇಷ್ಟು ಸಭ್ಯತೆ ತೋರಿಸುವವರನ್ನು ನಾನು ಯಾವ ಚರ್ಚಾವೇದಿಕೆಯಲ್ಲೂ ಕಂಡಿಲ್ಲ.

ಆರ್ಥರ್ ಡೊರೊಥಿಯವರ ಸೈಕಲ್ಲಿನ ಮುಂದೆ ಬಂದು ಗಾಲಿಯೆತ್ತಿದರು. ಖಾಸಿಂಸಾಬರು ಕಣ್ಣು ಮುಚ್ಚಿ ಕಿವಿಯನ್ನು ಮುಂದೆ ಮಾಡಿ ನಿಂತರು. ಒಂದು. ಟಯರಿನ ಮೆತ್ತನೆಯ ಸದ್ದು ಮಾತ್ರ. ಎರಡು. ಮೂರು. ದೀಪ ತುಟಿ ಬಿಚ್ಚಲಿಲ್ಲ.

ಆರ್ಥರ್ ಮೂರು ಸಲಕ್ಕೆ ನಿಲ್ಲಿಸಲಿಲ್ಲ. ನಾಲ್ಕನೆಯ ಸಲ ಎರಡು ಗೇಣು ಎತ್ತಿ ಬಿಟ್ಟರು. ಆಮೇಲೆ ಮಂಡಿಯೂರಿ ದೀಪ ತೆಗೆದು, ಚರ್ಮವನ್ನೋ ರಬ್ಬರನ್ನೋ ಹುಡುಕಿದರು. ಏನೂ ಸಿಗಲಿಲ್ಲ. ದೀಪವನ್ನು ಬಿಗಿಹಿಡಿದಿದ್ದ ಆ ಉಬ್ಬು ಬೆರಳಿಗೆ ಸಿಕ್ಕಿತು. "ಇದನ್ನು ಯಾರು ಯೋಚಿಸಿ ಮಾಡಿದರು?" ಎಂದು ಕೇಳಿದರು.

ನಾನು ಗಂಟಲು ಸರಿಪಡಿಸಿಕೊಂಡೆ. "ಭಾಷಣ ಬ್ಯಾಡ್ರಿ" ಎಂದರು ಖಾಸಿಂಸಾಬರು ತಕ್ಷಣ. "ಖರೇ ಹೇಳ್ರಿ. ತಪ್ಪಿ ಕೊಕ್ಕಿ ಮಾಡಿದ್ದೆ, ಬುತ್ತಿ ಚೀಲಕ್ಕ. ತಿರುಗಿ ನೆಟ್ಟಗ ಮಾಡೇನಿ. ಆ ಗುರುತು ಅದು."

ನಾನು ಅಷ್ಟನ್ನೇ ಹೇಳಿದೆ. ಬುತ್ತಿ ಚೀಲವೆಂದರೇನೆಂದು ವಿವರಿಸಲು ಮಾತ್ರ ಎರಡು ವಾಕ್ಯ ಹೆಚ್ಚು ಬೇಕಾದವು. ಆರ್ಥರರ ನಗದ ಮುಖ ಮೊದಲ ಬಾರಿಗೆ ಸಡಿಲಿತು. "ಇದೇ ತಪ್ಪನ್ನು ಇವರು ಇನ್ನೂ ಹನ್ನೆರಡು ಸಲ ಮಾಡಬಲ್ಲರೇ?"

"ನಲವತ್ತು ವರ್ಷದಿಂದ ಅದನ್ನ ಮಾಡಾಕತ್ತೇನ್ರಿ" ಎಂದರು ಖಾಸಿಂಸಾಬರು. "ಹನ್ನೆರಡು ಏನ್ ಮಹಾ!"

ಡೊರೊಥಿ ಹಗಲಿನಲ್ಲೇ ದೀಪ ಹೊತ್ತಿಸಿಕೊಂಡು ಸವಾರಿಯ ಮುಂದಿನ ಸಾಲಿನಲ್ಲಿ ಹೊರಟರು. ಬೇಲಿಗಳ ನಡುವೆ ಆ ಚಿಕ್ಕ ಬೆಳಕು ತಿರುವಿನಲ್ಲಿ ಮರೆಯಾಗುವವರೆಗೂ ನಾವು ನೋಡುತ್ತ ನಿಂತೆವು. ಆಮೇಲೆ ಖಾಸಿಂಸಾಬರು ಮನೆಗೆ ಫೋನು ಹಚ್ಚಿದರು.

"ಇಮಾಮಗ ಹೇಳು, ಶಟರಿನ ಅಳತಿ ತಗೋಳಾಕ ಬರಬ್ಯಾಡ ಅಂತ."

"ಯಾಕ, ಪಟ್ಟಿ ಕುಂತೇನು?" ಬೀಬಿಜಾನರ ದನಿ ಬಯಲಿಗೆಲ್ಲ ಕೇಳಿಸಿತು.

"ಕುಂತ್ತು."

"ಹಂಗಾದ್ರ ಲಗೂ ಬರ್ರಿ. ಇಂಗ್ಲೆಂಡಿಗೆ ದೀಪ ಹಚ್ಚಾಕ ಹೋಗ್ಯಾರ, ಮನ್ಯಾಗ ಮಿಕ್ಸರ್ ಇಲ್ಲದ ಚಟ್ನಿ ಇಲ್ಲ!"

ಮರಳಿ ಭಾಗ್ಯನಗರ

ಮಿಕ್ಸರ್ ಈಗ ತಿರುಗುತ್ತಿದೆ. ಅಂಗಡಿಯ ಶಟರ್ ದಿನವೂ ಮೇಲೇರುತ್ತಿದೆ. ಇಮಾಮ ಪಕ್ಕದ ಓಣಿಯಲ್ಲಿ ಬೇರೆ ಜಾಗ ಹಿಡಿದಿದ್ದಾನೆ. ಶ್ರಾಪ್‌ಶೈರಿಗೆ ಹೋದ ಹನ್ನೆರಡು ಹೊಸ ಪಟ್ಟಿಗಳ ಚಿತ್ರ ತೆಗೆದು ಕಳುಹಿಸಿದವನು ಅವನೇ. ನಾನು ಮಾಡಿಸಿದ್ದ ಹಳೆಯ ಹನ್ನೆರಡು ವ್ಯರ್ಥವಾಗಲಿಲ್ಲ. ಅವುಗಳನ್ನು ನಮ್ಮ ಕಾಲೇಜಿನ ಸೈಕಲ್ ನಿಲ್ದಾಣದ ಗೋಡೆಗೆ ಜಡಿದಿದ್ದೇವೆ. ಮಕ್ಕಳು ಅವಕ್ಕೆ ಬುತ್ತಿ ಚೀಲ ತೂಗುಹಾಕುತ್ತಾರೆ. ಪ್ರತಿದಿನ ಅವುಗಳ ಮುಂದೆ ಹಾದುಹೋಗುವುದು ನನಗೆ ಹಿತವಾದ ಶಿಕ್ಷೆ.

ಖಾಸಿಂಸಾಬರ ನಮೂನೆಯನ್ನು ವಿದ್ಯಾರ್ಥಿಗಳು ಕಾಗದದ ಮೇಲಿಟ್ಟು ಗೆರೆಯೆಳೆದುಕೊಂಡಿದ್ದಾರೆ, ಪಕ್ಕದಲ್ಲಿ ಸೂತುಗಳನ್ನು ಬರೆದಿದ್ದಾರೆ. ಆ ಉಬ್ಬು ಎಲ್ಲಿ ಬರಬೇಕೆಂದು ಕೇಳಿದಾಗ ಖಾಸಿಂಸಾಬರು ಪೆನ್ಸಿಲ್ಲು ಇಸಿದುಕೊಂಡು ತಾವೇ ಒಂದು ಚುಕ್ಕಿ ಇಟ್ಟರು. ಆ ಚುಕ್ಕಿ ಈವರೆಗೆ ಯಾವ ಕಾಗದದ ಮೇಲೂ ಇರಲಿಲ್ಲ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಓದುಗರಲ್ಲಿ ನನ್ನ ಕೋರಿಕೆ ಇಷ್ಟೆ: ಈ ವಾರ ನಿಮ್ಮ ಊರಿನ ಹಳೆಯ ಮಿಸ್ತ್ರಿಯ ಅಂಗಡಿಗೆ ಒಂದು ಹಾಳೆ ಮತ್ತು ಪೆನ್ಸಿಲ್ಲು ಹಿಡಿದು ಹೋಗಿ. ಅವರ ನಮೂನೆಯನ್ನು ಹಾಳೆಯ ಮೇಲಿಟ್ಟು ಗೆರೆಯೆಳೆದುಕೊಳ್ಳಿ, ಅವರು ಹೇಳಿದ ಅಳತೆಯನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ, ಮತ್ತು ದಯವಿಟ್ಟು ಒಂದು ಚಿಲ್ಲರೆಯನ್ನೂ ಬಿಡಬೇಡಿ.